‘ಏಣಿ’ ಪದದ ಹುಟ್ಟಿನ ಬಗ್ಗೆ ಒಂದು ತಿದ್ದುಪಡಿ

ನಮ್ಮ ಕಾರ್ಖಾನೆಯಲ್ಲಿ ನನ್ನನ್ನು ಪಂಡಿತ ಎನ್ನುತ್ತಾರೆ. ಯಾವ ವಿಶ್ವವಿದ್ಯಾಲಯವೂ ಕೊಟ್ಟದ್ದಲ್ಲ. ಕೆಂಪು ಪೆನ್ಸಿಲ್ ಹಿಡಿದು ನೋಟಿಸ್ ಬೋರ್ಡಿನ ಮುಂದೆ ನಿಂತು ಮ್ಯಾನೇಜರ ಕಾಗುಣಿತ ತಿದ್ದುವವನಿಗೆ ಜನ ಇನ್ನೇನೆಂದು ಹೆಸರಿಡುತ್ತಾರೆ? ಹೊಟ್ಟೆಪಾಡಿಗೆ ನಾನು ಮಾಡುವುದು ಅಂಗಿ ಗುಂಡಿಗಳ ವಿಂಗಡಣೆ. ಮೂವತ್ತಾರು ವರ್ಷಗಳಿಂದ ಉದ್ದನೆಯ ಮೇಜಿನ ಮುಂದೆ ಕೂತು, ತೂತು ನೆಟ್ಟಗೆ ಬಿದ್ದ ಗುಂಡಿಗಳನ್ನು ಬಲಕ್ಕೂ ಓರೆಯಾದವನ್ನು ಎಡಕ್ಕೂ ತಳ್ಳುತ್ತಿದ್ದೇನೆ. ಈ ಕೆಲಸಕ್ಕೆ ಎರಡು ಕಣ್ಣು, ಒಂದು ಬೆರಳು ಸಾಕು. ಬಾಯಿ ದಿನವಿಡೀ ಖಾಲಿ ಇರುತ್ತದೆ. ನನ್ನ ಕಷ್ಟಗಳಿಗೆಲ್ಲ ಈ ಖಾಲಿ ಬಾಯಿಯೇ ಮೂಲ ಎಂದು ನನ್ನ ಹೆಂಡತಿ ಮದುವೆಯಾದ ಮೂರನೇ ದಿನವೇ ಹೇಳಿದ್ದಳು. ಅದನ್ನು ನಾನು ನಾಲ್ಕನೇ ದಿನ ಅವಳ ಅಣ್ಣನಿಗೆ ಹೇಳಿಬಿಟ್ಟಿದ್ದೆ.

ಕಾರ್ಖಾನೆಗೆ ಐವತ್ತು ವರ್ಷ ತುಂಬಿದಾಗ ಸ್ಮರಣ ಸಂಚಿಕೆ ತರಬೇಕೆಂದು ಪರ್ಸನಲ್ ಆಫೀಸರಿಗೆ ಹುಮ್ಮಸ್ಸು ಬಂತು. ಮ್ಯಾನೇಜರ ಫೋಟೋ, ಮ್ಯಾನೇಜರ ಸಂದೇಶ, ಮ್ಯಾನೇಜರು ಸಸಿ ನೆಡುತ್ತಿರುವ ಫೋಟೋ ಎಲ್ಲ ಹಾಕಿದ ಮೇಲೂ ನಾಲ್ಕು ಪುಟ ಉಳಿಯಿತು.

“ಪಂಡಿತ್ರೇ, ನಾಲ್ಕು ಪುಟಕ್ಕೆ ಏನಾದ್ರೂ ತುಂಬ್ಸಿ” ಎಂದರು.

ಇಂಥ ಮಾತಿಗಾಗಿ ನಾನು ಮೂವತ್ತಾರು ವರ್ಷದಿಂದ ಕಾದಿದ್ದೆ. ನಮ್ಮ ಕಾರ್ಖಾನೆಯೊಳಗೆ ಮಾತ್ರ ನಡೆಯುವ ಪದಗಳನ್ನೆಲ್ಲ ಸೇರಿಸಿ, ಅರ್ಥ ಕೊಟ್ಟು, ಹುಟ್ಟು ವಿವರಿಸಿ ‘ನಮ್ಮ ಕಾರ್ಖಾನೆಯ ನುಡಿಸಂಪತ್ತು’ ಎಂಬ ಲೇಖನ ಬರೆದೆ. ಕೈಲಾಗದವನಿಗೆ ನಮ್ಮಲ್ಲಿ ‘ಮೂರು ತೂತು’ ಎನ್ನುತ್ತಾರೆ, ಯಾಕೆಂದರೆ ಗುಂಡಿಗೆ ಎರಡು ಇರಬೇಕು ಇಲ್ಲವೇ ನಾಲ್ಕು. ಯಾರನ್ನಾದರೂ ಹೊಗಳಿ ಉಬ್ಬಿಸುವುದಕ್ಕೆ ‘ಡ್ರಮ್ಮಿಗೆ ಹಾಕೋದು’ ಎನ್ನುತ್ತಾರೆ, ಯಾಕೆಂದರೆ ಗುಂಡಿಗೆ ಹೊಳಪು ಬರುವುದು ಪಾಲಿಶ್ ಡ್ರಮ್ಮಿನಲ್ಲಿ ಉರುಳಿದ ಮೇಲೆ. ಇವೆಲ್ಲ ಸಲೀಸಾಗಿ ಬಂದವು. ಪೇಚಿಗೆ ಸಿಕ್ಕಿಸಿದ್ದು ‘ಏಣಿ’.

ನಮ್ಮಲ್ಲಿ ಏಣಿ ಎಂದರೆ ಕೆಳಗಿನವರ ಗುಟ್ಟನ್ನು ಮೇಲಿನವರಿಗೆ ಮುಟ್ಟಿಸುವವನು. ಬೇರೆ ಕಡೆ ಚಾಡಿಕೋರ ಎನ್ನುತ್ತಾರಲ್ಲ, ಅವನೇ. “ಮೆತ್ತಗೆ ಮಾತಾಡು, ಏಣಿ ಬರ್ತಿದೆ” ಎಂದರೆ ಹೊಸದಾಗಿ ಸೇರಿದವರಿಗೂ ಅರ್ಥವಾಗುತ್ತದೆ. ಹಾಗೆ ಯಾಕೆ ಕರೆಯುತ್ತೇವೆ ಎಂದು ಮಾತ್ರ ಹೊಸಬರಿಗೆ ಗೊತ್ತಿಲ್ಲ. ಹತ್ತಿದ ಏಣಿಯನ್ನು ಒದೆಯುವ ಗಾದೆಯಿಂದ ಬಂತೇ ಎಂದು ಮೊದಲು ಒಂದು ಪುಟ ಚರ್ಚಿಸಿದೆ. ಆಮೇಲೆ, ಪಂಡಿತನಾದವನು ಮೂಲಕ್ಕೆ ಹೋಗಬೇಕಲ್ಲವೇ, ನನ್ನ ಕಣ್ಣಾರೆ ಕಂಡದ್ದನ್ನೇ ಬರೆದೆ.

ಹಿಂದೆ ನಮ್ಮಲ್ಲಿ ಒಬ್ಬ ಎಲೆಕ್ಟ್ರೀಷಿಯನ್ ಇದ್ದ. ಎಲ್ಲರೂ ಲೈಟಣ್ಣ ಎನ್ನುತ್ತಿದ್ದರು. ಆಗಿನ ಮ್ಯಾನೇಜರ ಕೋಣೆಯಲ್ಲಿ ಎತ್ತರದ ಗೋಡೆಯ ಮೇಲೆ ದೊಡ್ಡ ಕೀಲಿ ಗಡಿಯಾರವಿತ್ತು. ವಾರಕ್ಕೊಮ್ಮೆ ಕೀಲಿ ಕೊಡಬೇಕು. ಪ್ರತಿ ಸೋಮವಾರ ಬೆಳಿಗ್ಗೆ ಲೈಟಣ್ಣನ ಏಣಿ ಮ್ಯಾನೇಜರ ಕೋಣೆಯೊಳಗೆ ಹೋಗುತ್ತಿತ್ತು, ಮಂಗಳವಾರ ಯಾರಾದರೊಬ್ಬರಿಗೆ ಮೆಮೋ ಬರುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಒಂದು ಸಲ ಸರಿಹೋಗಬಹುದು, ಪ್ರತಿ ವಾರ ಸರಿಹೋಗುತ್ತದೆಯೇ? ಜನ ಲೈಟಣ್ಣನನ್ನೇ ಏಣಿ ಎಂದು ಕರೆಯತೊಡಗಿದರು. ಅವನು ನಿವೃತ್ತನಾಗಿ ಹನ್ನೊಂದು ವರ್ಷವಾಯಿತು, ಪದ ಇನ್ನೂ ದುಡಿಯುತ್ತಿದೆ. ಕೊನೆಯ ವಾಕ್ಯವನ್ನು ನಾನು ಹೀಗೆ ಬರೆದಿದ್ದೆ: “ವ್ಯಕ್ತಿ ಅಳಿದರೂ ನುಡಿ ಉಳಿಯುತ್ತದೆ.” ಲೈಟಣ್ಣ ಬದುಕಿದ್ದ. ವಾಕ್ಯ ಚೆನ್ನಾಗಿತ್ತೆಂದು ಬಿಡಲು ಮನಸ್ಸಾಗಲಿಲ್ಲ.

ಸಂಚಿಕೆ ಬಂದ ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಎದುರು ಸಿಕ್ಕವರಿಗೆಲ್ಲ “ಮೂವತ್ತೇಳನೇ ಪುಟ ನೋಡಿದ್ರಾ?” ಎಂದು ಕೇಳಿದೆ. ನೋಡದವರಿಗೆ ತೆಗೆದು ತೋರಿಸಿದೆ. ಪಾಲಿಶ್ ವಿಭಾಗದವನೊಬ್ಬ ಕ್ಯಾಂಟೀನಿನಲ್ಲಿ ಬೆಂಚಿನ ಮೇಲೆ ನಿಂತು ಗಟ್ಟಿಯಾಗಿ ಓದಿದನಂತೆ. ಜನ ಬಿದ್ದು ಬಿದ್ದು ನಕ್ಕರಂತೆ. ನಾನು ಆಗ ಅಲ್ಲಿರಲಿಲ್ಲವಲ್ಲ ಎಂದು ಹೊಟ್ಟೆ ಉರಿದುಹೋಯಿತು.

ಮೂರನೇ ದಿನ ನನ್ನ ಮೇಜಿನ ಮೇಲಿನ ಟ್ಯೂಬ್‌ಲೈಟು ಮಿಣುಕತೊಡಗಿತು. ಹೇಳಿಕಳಿಸಿದೆ. ಎಲೆಕ್ಟ್ರೀಷಿಯನ್ ಬಂದಳು. ಹೌದು, ಬಂದಳು. ನಾಲ್ಕು ತಿಂಗಳ ಹಿಂದೆ ಈ ಕೆಲಸಕ್ಕೆ ಸೇರಿದವಳು ಲೈಟಣ್ಣನ ಮಗಳು. ಇದು ನನಗೆ ಗೊತ್ತಿತ್ತು. ಲೇಖನ ಬರೆಯುವಾಗ ನೆನಪಾಗಲಿಲ್ಲ ಅಷ್ಟೆ. ಪಂಡಿತರ ಗಮನವೆಲ್ಲ ಹಿಂದಿನ ಕಾಲದ ಮೇಲಿರುತ್ತದೆ.

ಹದಿನೆಂಟು ಅಡಿಯ ಏಣಿಯನ್ನು ಅವಳೊಬ್ಬಳೇ ಎಳೆದುಕೊಂಡು ಬಂದಳು. ಅದನ್ನು ಹೊರಲು ಇಬ್ಬರು ಬೇಕು. ಹತ್ತುವಾಗ ಕೆಳಗೆ ಒಬ್ಬರು ಹಿಡಿಯಲೇಬೇಕು, ಯಾಕೆಂದರೆ ಐವತ್ತು ವರ್ಷ ಪಾಲಿಶ್ ಪುಡಿ ಕುಡಿದ ನೆಲ ನಮ್ಮದು. ಅವಳು ಸುತ್ತ ನೋಡಿದಳು. ಸುತ್ತಲಿದ್ದ ಹದಿನಾಲ್ಕು ತಲೆಗಳೂ ಒಟ್ಟಿಗೆ ಬಗ್ಗಿ ಗುಂಡಿ ನೋಡತೊಡಗಿದವು. ಅಷ್ಟೊಂದು ಶ್ರದ್ಧೆಯಿಂದ ನಮ್ಮ ವಿಭಾಗ ಹಿಂದೆಂದೂ ಕೆಲಸ ಮಾಡಿರಲಿಲ್ಲ. ಅವಳು ಜೇಬಿನಿಂದ ಹಗ್ಗ ತೆಗೆದು ಏಣಿಯ ಕಾಲನ್ನು ನನ್ನ ಮೇಜಿನ ಕಾಲಿಗೆ ಬಿಗಿದು, ಸರಸರನೆ ಮೇಲೆ ಹತ್ತಿದಳು.

ಐದನೇ ಮೆಟ್ಟಿಲಲ್ಲಿ ಏಣಿ ಜಾರಿತು. ಅದರ ಜೊತೆ ಮೇಜೂ ಹೊರಟಿತು. ಬೆಳಗಿನಿಂದ ಬಲಕ್ಕೆ ತಳ್ಳಿದ್ದೂ ಎಡಕ್ಕೆ ತಳ್ಳಿದ್ದೂ ಒಂದಾಗಿ ನೆಲದ ಮೇಲೆ ಚೆಲ್ಲಾಡಿದವು. ನಾನು ಎದ್ದು ಏಣಿಯನ್ನು ತಬ್ಬಿಕೊಂಡೆ. ಅವಳು ಮೇಲೆ ಒಂದು ಕೈಯಲ್ಲಿ ತೊಲೆ ಹಿಡಿದು ತೂಗಾಡುತ್ತಿದ್ದಳು. ಒಂದೇ ಒಂದು ಕೂಗು ಹಾಕಲಿಲ್ಲ. ಟ್ಯೂಬು ಬದಲಿಸಿ ಇಳಿದು ಬಂದ ಮೇಲೆ ನೋಡಿದರೆ ಅವಳ ಮೊಣಕೈ ತರಚಿ ರಕ್ತ ಬರುತ್ತಿತ್ತು.

“ಯಾರನ್ನಾದ್ರೂ ಕರೀಬಾರ್ದೇನಮ್ಮಾ?” ಎಂದೆ.

“ಕರೆದ್ರೆ ‘ಏಣಿಗೆ ಇನ್ನೊಂದು ಏಣಿ ಯಾಕೆ’ ಅಂತಾರೆ ಸಾರ್. ಮೂವತ್ತೇಳನೇ ಪುಟ ಬರ್ದೋರು ನೀವೇ ಅಲ್ವಾ?”

“ಹೌದು ಹೌದು! ಓದಿದ್ಯಾ? ಹೇಗಿತ್ತು?”

ಈ ಪ್ರಶ್ನೆ ಕೇಳಿದ ನನ್ನ ಬಾಯಿಗೆ ಈಗಲೂ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

“ಅಕ್ಷರ ಚೆನ್ನಾಗಿದೆ ಸಾರ್. ಆವತ್ತಿಂದ ನನ್ನನ್ನ ಮರಿ ಏಣಿ ಅಂತಾರೆ. ಊಟಕ್ಕೆ ನಾನು ಕೂತ ಬೆಂಚಿಂದ ಎದ್ದು ಹೋಗ್ತಾರೆ. ಅದು ಇರ್ಲಿ, ಒಬ್ಬಳೇ ತಿಂದ್ರೂ ಹೊಟ್ಟೆ ತುಂಬುತ್ತೆ. ಏಣಿ ಒಬ್ಬಳೇ ಹತ್ತೋಕಾಗಲ್ವಲ್ಲ ಸಾರ್? ಕೆಲ್ಸ ಖಾಯಂ ಆಗೋಕೆ ಇನ್ನು ಎರಡು ತಿಂಗಳಿದೆ. ಅಷ್ಟರಲ್ಲಿ ಬೀಳ್ತೀನಿ, ಇಲ್ಲಾ ನಾನೇ ಬಿಟ್ಟು ಹೋಗ್ತೀನಿ.” ಹಗ್ಗ ಸುತ್ತಿ ಜೇಬಿಗೆ ಹಾಕಿಕೊಂಡಳು. “ಒಂದೇ ಒಂದು ಕೇಳ್ತೀನಿ. ನಮ್ಮಪ್ಪ ಯಾರ ಮೇಲೆ ಏನು ಹೇಳಿದ್ರು? ಒಂದಾದ್ರೂ ತೋರ್ಸಿ, ನಾಳೆನೇ ಕೆಲ್ಸ ಬಿಡ್ತೀನಿ. ತೋರ್ಸೋಕೆ ಆಗ್ದಿದ್ರೆ ಬರ್ದಿದ್ದನ್ನ ನೀವೇ ಅಳಿಸ್ಬೇಕು.”

ಪಂಡಿತನ ಹತ್ತಿರ ಪುರಾವೆ ಕೇಳುವುದೇ? “ನಾನೇನು ಕಂಡೋರ ಮಾತು ಕೇಳಿ ಬರ್ದೋನಲ್ಲಮ್ಮಾ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಲ್ಕು ವರ್ಷ ಈ ಮೇಜಿಂದ ಎದ್ದು ಹೋಗಿ ನಿಮ್ಮಪ್ಪನಿಗೆ ಏಣಿ ಹಿಡಿದೋನು ನಾನೇ!” ಎಂದೆ ಎದೆಯುಬ್ಬಿಸಿ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಏಣಿ ಎಳೆದುಕೊಂಡು ಹೋದಳು.

ಅವತ್ತೇ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಮೊದಲ ಪುಟದಲ್ಲಿ ‘ಸಂಶೋಧನೆ’ ಎಂದು ಬರೆದು ಅಡಿಗೆರೆ ಎಳೆದೆ. ಮೊದಲ ಸಾಕ್ಷಿ ತೂತು ಕೊರೆಯುವ ವಿಭಾಗದ, ಎಲ್ಲರೂ ಗೊರಕೆ ಎಂದು ಕರೆಯುವ ಮನುಷ್ಯ. ನನ್ನ ವಯಸ್ಸಿನವನೇ. ಮೂವತ್ತೈದು ವರ್ಷ ಹಿಂದೆ ಊಟವಾದ ಮೇಲೆ ಮೂಟೆಗಳ ಹಿಂದೆ ಮಲಗಿ ಮೆಮೋ ತಿಂದವನು. ಆ ಮೆಮೋವನ್ನು ಇವತ್ತಿಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ.

“ಓದು, ನೋಡು. ‘ಮೂರನೇ ಸಾಲಿನ ಮೂಟೆಗಳ ಹಿಂದೆ, ಒಂದರಿಂದ ಒಂದೂ ಮುಕ್ಕಾಲರವರೆಗೆ, ಎಡಮಗ್ಗುಲಾಗಿ.’ ಎಡಮಗ್ಗುಲು ಅಂತ ಆ ಏಣಿಗೆ ಹೆಂಗೆ ಗೊತ್ತಾಯ್ತು ಅನ್ನೋದೇ ನಂಗೆ ಇವತ್ತಿಗೂ ಆಶ್ಚರ್ಯ. ನಾನು ಅಲ್ಲಿ ಮಲಗ್ತೀನಿ ಅಂತ ಗೊತ್ತಿದ್ದೋನು ನೀನೊಬ್ಬನೇ. ಮುಕ್ಕಾಲಿಗೆ ಸರಿಯಾಗಿ ಎಬ್ಬಿಸ್ತಿದ್ದೆ, ಪುಣ್ಯಾತ್ಮ.”

“ನನ್ನ ಕಣ್ಣಿಗೂ ಬೀಳದ ಹಾಗೆ ಬಂದು ನೋಡ್ಕೊಂಡು ಹೋಗಿದಾನೆ ಅಂದ್ರೆ ಎಂಥ ಖದೀಮ ಇರ್ಬೇಕು!” ಎಂದು ನಾನು ಬರೆದುಕೊಂಡೆ.

ಎರಡನೆಯವನು ರೇಡಿಯೋ. ಪಾಲಿಶ್ ವಿಭಾಗದಿಂದ ನಿವೃತ್ತನಾಗಿ ಮೊಮ್ಮಗಳನ್ನು ಆಡಿಸಿಕೊಂಡಿದ್ದ. ಕೆಟ್ಟು ನಿಂತ ಡ್ರಮ್ಮೊಂದರೊಳಗೆ ಪುಟ್ಟ ರೇಡಿಯೋ ಬಚ್ಚಿಟ್ಟು ಆಟದ ವರದಿ ಕೇಳುತ್ತಿದ್ದವನು. ಒಂದು ಮಂಗಳವಾರ ಮ್ಯಾನೇಜರು ನೆಟ್ಟಗೆ ಬಂದು, ಹನ್ನೆರಡು ಡ್ರಮ್ಮುಗಳಲ್ಲಿ ಎರಡನೆಯದರ ಮುಚ್ಚಳವನ್ನೇ ತೆಗೆದರಂತೆ. “ಪಕ್ಕದಲ್ಲಿ ಕೆಲಸ ಮಾಡೋನಿಗೂ ಹೇಳಿರ್ಲಿಲ್ಲ ಕಣಯ್ಯಾ. ಸ್ಕೋರ್ ಕೇಳೋಕೆ ನೀನೊಬ್ಬ ಬರ್ತಿದ್ದೆ ಅಷ್ಟೆ” ಎಂದ. “ಗೋಡೆಗೂ ಕಿವಿ ಇರುತ್ತೆ” ಎಂದು ಸಮಾಧಾನ ಹೇಳಿ ಅದನ್ನೂ ಬರೆದುಕೊಂಡೆ.

ಮೂರನೆಯವರ ಹತ್ತಿರ ಹೋಗುವಾಗ ಮಾತ್ರ ಸ್ವಲ್ಪ ಅಳುಕಿತ್ತು. ಗುಂಡಿಗಳನ್ನು ಡಜನ್ ಲೆಕ್ಕದಲ್ಲಿ ರಟ್ಟಿನ ಕಾರ್ಡಿಗೆ ಹೊಲಿಯುವ ಕೆಲಸದಲ್ಲಿದ್ದವರು, ನಾವೆಲ್ಲ ಕಾರ್ಡಕ್ಕ ಎನ್ನುತ್ತಿದ್ದೆವು. ಅವರಿಗೆ ಮೆಮೋ ಬರಲಿಲ್ಲ, ಕೆಲಸವೇ ಹೋಯಿತು. ಈಗ ಒಂದು ಕೋಣೆಯ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಹೋದಾಗ ಅಂಗಿಯೊಂದರ ಕಾಲರು ಹೊಲಿಯುತ್ತಿದ್ದರು.

“ಅವ್ವ ಹಾಸಿಗೆ ಹಿಡಿದಿದ್ಳು. ಮಧ್ಯಾಹ್ನ ಮೂರೂ ಕಾಲಿಗೆ ಹಿಂದಿನ ಗೇಟಿಂದ ಹೋಗಿ, ಮಗ್ಗುಲು ಬದಲಿಸಿ, ಔಷಧಿ ಕುಡಿಸಿ ನಾಲ್ಕಕ್ಕೆ ವಾಪಸ್ ಬರ್ತಿದ್ದೆ. ನಿಮಗೆ ಗೊತ್ತಲ್ಲ, ಚಿಲಕ ತೆಗೆದಿಡ್ತಿದ್ದೋರೇ ನೀವು” ಎಂದರು, ಮಿಷನ್ನಿನಿಂದ ಕಣ್ಣೆತ್ತದೆ. “ಕೆಲಸ ಹೋದ ವಾರದಲ್ಲೇ ಲೈಟಣ್ಣ ಮನೆಗೆ ಬಂದಿದ್ದ. ಅವ್ವನ ಮಂಚದ ಹತ್ರ ಒಂದು ಬೆಲ್ ಹಾಕಿಕೊಡ್ತೀನಿ, ಒತ್ತಿದ್ರೆ ಪಕ್ಕದ ಮನೆಯವರಿಗೆ ಕೇಳ್ಸುತ್ತೆ ಅಂದ. ಹೇಳೋದನ್ನೂ ಹೇಳಿ ಬೆಲ್ಲು ಬೇರೆ ತಂದಿದಾನಲ್ಲ ಅಂತ ಮುಖದ ಮೇಲೆ ಬಾಗಿಲು ಹಾಕ್ದೆ. ಹೊರಗಿಂದಾನೇ ‘ಇಲ್ಲೇ ಇಟ್ಟಿರ್ತೀನಿ ತಂಗಿ, ಬೇರೆ ಯಾರ ಕೈಲಾದ್ರೂ ಹಾಕಿಸ್ಕೋ’ ಅಂದು ಹೋದ.”

“ಆಮೇಲೆ ಯಾರು ಹಾಕಿದ್ರು?”

“ನೀವೇ ಬಂದು ಹಾಕಿಕೊಟ್ರಲ್ಲ, ಮರ್ತ್ರಾ?”

ಮರೆತಿದ್ದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಯಾಕೆ ಬರೆಯಲಿಲ್ಲವೋ ಆಗ ನನಗೂ ತಿಳಿಯಲಿಲ್ಲ.

ಸಂಜೆ ಹೆಂಡತಿ ತರಕಾರಿ ಹೆಚ್ಚುತ್ತಿದ್ದಾಗ ಎದುರು ಕೂತು ಸಂಶೋಧನೆಯನ್ನೆಲ್ಲ ಓದಿ ಹೇಳಿದೆ. ಭೇಷ್ ಎನ್ನುತ್ತಾಳೆ ಎಂದು ಕಾದೆ. ಅವಳು ಚಾಕು ಕೆಳಗಿಟ್ಟಳು.

“ಈ ಮೂರು ಗುಟ್ಟೂ ಯಾರಿಗೆ ಗೊತ್ತಿತ್ತು ರೀ?”

“ಅವರವರಿಗೆ. ಮತ್ತೆ... ನನಗೆ.”

“ಲೈಟಣ್ಣನಿಗೆ ಯಾರು ಹೇಳಿದ್ದು?”

“ಅವನಿಗೆ ಯಾರೂ ಹೇಳಿಲ್ಲ. ಅದೇ ನೋಡು ವಿಚಿತ್ರ!”

“ಸೋಮವಾರ ಅವ್ರು ಮೇಲೆ ಗಡಿಯಾರಕ್ಕೆ ಕೀಲಿ ಕೊಡ್ತಿದ್ರು. ಕೆಳಗೆ ನೀವೇನು ಮಾಡ್ತಿದ್ರಿ?”

“ಏಣಿ ಹಿಡ್ಕೊಂಡಿದ್ದೆ.”

“ಹತ್ತು ನಿಮಿಷ, ಬಾಯಿ ಮುಚ್ಕೊಂಡು ಏಣಿ ಹಿಡ್ಕೊಂಡಿದ್ರಾ? ನೀವು?”

ಅವಳು ‘ನೀವು’ ಎಂದ ರೀತಿಯಲ್ಲೇ ಎಲ್ಲ ಇತ್ತು. ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ಮೂವತ್ತು ವರ್ಷದಿಂದ ಅವಳು ಹೇಳುತ್ತಲೇ ಬಂದಿದ್ದಾಳೆ. ನಾನದನ್ನು ಹೊಗಳಿಕೆಯೋ ತಮಾಷೆಯೋ ಎಂದುಕೊಂಡಿದ್ದೆ.

ಆ ಸೋಮವಾರಗಳು ಒಂದೊಂದಾಗಿ ನೆನಪಾದವು. ಹಳೆಯ ಮ್ಯಾನೇಜರು ಬಹಳ ಮೃದುವಾಗಿ ಮಾತಾಡುತ್ತಿದ್ದರು. ಕೆಳಗಿನವರನ್ನು ಕೂರಿಸಿ ಮಾತಾಡಿಸದ ಆ ಕೋಣೆಯಲ್ಲಿ, ಏಣಿ ಹಿಡಿದು ನಿಂತ ಇಪ್ಪತ್ತೆರಡರ ಹುಡುಗನನ್ನು “ಏನಪ್ಪಾ, ಕೆಳಗಡೆ ಎಲ್ಲ ಸುಖಾನಾ?” ಎಂದು ಕೇಳುತ್ತಿದ್ದರು. ಒಂದು ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಸುಖ ಕೇಳಿದವರಿಗೆ ನಾಲ್ಕು ಮಾತು ಹೇಳದಿದ್ದರೆ ಚೆನ್ನಾಗಿರುತ್ತದೆಯೇ? ನಾನು ಯಾರ ಮೇಲೂ ಚಾಡಿ ಹೇಳಲಿಲ್ಲ, ದೇವರಾಣೆ. ಎಲ್ಲರನ್ನೂ ಹೊಗಳುತ್ತಿದ್ದೆ. “ಗೊರಕೆ ಎಷ್ಟು ಶಿಸ್ತು ಅಂತೀರಿ ಸಾರ್, ಎಡಮಗ್ಗುಲಾಗಿ ಮಲಗಿದ್ರೆ ಮುಕ್ಕಾಲು ಗಂಟೆ ಅಲುಗಾಡಲ್ಲ.” “ರೇಡಿಯೋನ ತಲೆ ಎಂಥದ್ದು ಸಾರ್, ಡ್ರಮ್ಮಲ್ಲಿಟ್ರೆ ಆಚೆಗೆ ಒಂಚೂರೂ ಕೇಳ್ಸಲ್ಲ.” ಕಾರ್ಡಕ್ಕನ ವಿಷಯ ಹೇಳುವಾಗಂತೂ ನನಗೆ ಕಣ್ಣೀರೇ ಬಂದಿತ್ತು. “ಅಂಥ ಮಗಳು ಸಿಗಲ್ಲ ಸಾರ್. ದಿನಾ ಹೋಗಿ ಅವ್ವನ ಮಗ್ಗುಲು ಬದಲಿಸಿ ಬರ್ತಾರೆ.” ಮ್ಯಾನೇಜರೂ ಮರುಗಿದರು. “ಪಾಪ. ಯಾವ ಗೇಟಿಂದ ಹೋಗ್ತಾರೆ?” ಎಂದು ಕೇಳಿದರು. “ಹಿಂದಿನ ಗೇಟಿಂದ ಸಾರ್.” ಅವತ್ತು ಎರಡು ಪೆಪ್ಪರ್‌ಮಿಂಟು ಕೊಟ್ಟರು. ಏಣಿ ಇಳಿದು ಬಂದ ಲೈಟಣ್ಣನಿಗೆ ಒಂದು ಕೊಡಲು ಹೋದೆ, ಅವನು ಬೇಡ ಎಂದ.

ಹೆಂಡತಿ ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಸುಮ್ಮನೆ ಹೆಚ್ಚುವುದನ್ನು ಮುಂದುವರಿಸಿದಳು. ಅದಕ್ಕಿಂತ ನಾಲ್ಕು ಬಿಟ್ಟಿದ್ದರೆ ಚೆನ್ನಾಗಿತ್ತು. ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ರಜಾ ಹಾಕಿ ಲೈಟಣ್ಣನ ಮನೆಗೆ ಹೋದೆ. ಎಪ್ಪತ್ತು ದಾಟಿದ ಲೈಟಣ್ಣ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಇಸ್ತ್ರಿಪೆಟ್ಟಿಗೆಯೊಂದನ್ನು ಬಿಚ್ಚಿ ಹರಡಿಕೊಂಡಿದ್ದ. ಪಕ್ಕದಲ್ಲಿ ಸ್ಮರಣ ಸಂಚಿಕೆ ಇತ್ತು. ಅದರ ಮೇಲೆ ಸ್ಕ್ರೂಗಳನ್ನು ಇಟ್ಟಿದ್ದ.

“ಬಾರಯ್ಯಾ. ನಾನು ಅಳಿದು ನುಡಿ ಉಳಿದಿದೆ ಅಂತ ಬರ್ದಿದೀಯ. ಕೂತ್ಕೋ” ಎಂದ.

ನಾನು ಕೂರಲಿಲ್ಲ. “ಲೈಟಣ್ಣಾ, ಮೇಲೆ ನಿಂತಾಗ ನಿನಗೆ ಕೇಳಿಸ್ತಿತ್ತಾ?”

“ಗಡಿಯಾರಕ್ಕೆ ಕೀಲಿ ಕೊಡೋಕೆ ಕಿವಿ ಬೇಕಾಗಲ್ವಲ್ಲ. ಎಲ್ಲಾ ಕೇಳಿಸ್ತಿತ್ತು.”

“ಒಂದು ಸಲನಾದ್ರೂ ನನ್ನ ತಡೀಬಾರ್ದಿತ್ತಾ?”

“ಕೆಮ್ಮಿದೆ. ನೀನು ಮಾರನೇ ದಿನ ಕೆಮ್ಮಿನ ಔಷಧಿ ತಂದುಕೊಟ್ಟೆ. ಆಮೇಲೊಂದಿನ ಸ್ಕ್ರೂಡ್ರೈವರ್ ಕೆಳಗೆ ಬೀಳಿಸ್ದೆ. ಲೈಟಣ್ಣನ ಕೈ ನಡುಗುತ್ತೆ, ಸ್ವಲ್ಪ ರಜಾ ಕೊಡಿ ಸಾರ್ ಅಂತ ಅದನ್ನೂ ಸಾಹೇಬರಿಗೆ ಹೇಳ್ದೆ. ಹೊರಗೆ ಬಂದ್ಮೇಲೆ ‘ಅಲ್ಲೇನೂ ಮಾತಾಡ್ಬೇಡ್ವೋ’ ಅಂದ್ರೆ, ‘ನಾನೇನು ಕೆಟ್ಟದ್ದು ಹೇಳ್ದೆ?’ ಅಂತ ಮುಖ ಊದಿಸ್ಕೊಂಡೆ.”

“ಎಲ್ರೂ ನಿನ್ನ ಏಣಿ ಅಂದಾಗ, ನಾನಲ್ಲ, ಕೆಳಗೆ ನಿಂತೋನು ಅಂತ ಹೇಳೋಕೇನಾಗಿತ್ತು?”

ಲೈಟಣ್ಣ ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಬೆಳಕಿಗೆ ಹಿಡಿದು ನೋಡಿದ. “ಹೇಳಿದ್ರೆ ನಾ ನಿಜವಾಗ್ಲೂ ಏಣಿ ಆಗ್ತಿದ್ನಲ್ಲಯ್ಯಾ? ಸುಮ್ನಿದ್ರೆ ಬರೀ ಹೆಸ್ರು. ಹೆಸ್ರು ತಾನೇ, ಹೊತ್ಕೊಂಡೆ. ನೀನಾಗ ಹೊಸದಾಗಿ ಸೇರಿದ್ದೆ, ಮನೇಲಿ ನಾಲ್ಕು ಜನ ತಿನ್ನೋರು. ಆದ್ರೂ ಒಂದು ಹೇಳ್ತೀನಿ, ನಾಲ್ಕು ವರ್ಷದಲ್ಲಿ ಒಂದಿನ ಏಣಿ ಅಲುಗಾಡಿಸ್ಲಿಲ್ಲ ನೀನು. ಕೈ ಗಟ್ಟಿ, ಬಾಯಿ ಸಡಿಲ.”

ಆಮೇಲೆ ಅವನ ದನಿ ಬದಲಾಯಿತು. “ನನ್ನ ಕಾಲ ಮುಗೀತು. ಮಗಳು ದಿನಾ ಹಗ್ಗ ತಗೊಂಡು ಹೋಗ್ತಾಳೆ. ಯಾಕೆ ಅಂದ್ರೆ ಹೇಳಲ್ಲ. ಸಂಜೆ ಅವಳು ಗೇಟು ತೆಗೆದ ಸದ್ದು ಕೇಳೋವರೆಗೂ ನಂಗೆ ಉಸಿರೇ ಬರಲ್ಲ ಕಣಯ್ಯಾ.”

ಮೂವತ್ತಾರು ವರ್ಷದಲ್ಲಿ ಒಂದು ಸಲವೂ ಯಾರ ಮೇಲೂ ಏನೂ ಹೇಳದ ಮನುಷ್ಯ ನಮ್ಮ ಇಡೀ ಕಾರ್ಖಾನೆಯಲ್ಲಿ ಅವನೊಬ್ಬನೇ. ಚಾಡಿಕೋರನಿಗೆ ನಾವು ಅವನ ಹೆಸರಿಟ್ಟಿದ್ದೆವು. ಅರ್ಥ ಬರೆದು, ಅಡಿಗೆರೆ ಎಳೆದು, ಅಚ್ಚು ಹಾಕಿಸಿದವನು ನಾನು.

ಮಾರನೇ ದಿನ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಬೆಂಚಿನ ಮೇಲೆ ಹತ್ತಿದೆ. ಮೂಲೆಯಲ್ಲಿ ಪರ್ಸನಲ್ ಆಫೀಸರು ಮೊಸರಿನ ಬಟ್ಟಲಿಗೆ ಚಮಚ ಹಾಕುತ್ತಿದ್ದರು. ಬಾಗಿಲ ಹತ್ತಿರದ ಬೆಂಚಿನಲ್ಲಿ ಲೈಟಣ್ಣನ ಮಗಳು ಒಬ್ಬಳೇ ಕೂತಿದ್ದಳು.

“ಎಲ್ರೂ ಕೇಳಿ. ಲೈಟಣ್ಣ ಏಣಿ ಅಲ್ಲ. ಆಗ ಎಲ್ಲಾ ಹೇಳಿದ್ದು ನಾನು!”

ಯಾರೋ ಕಿಸಕ್ಕೆಂದರು. ಇಡೀ ಕ್ಯಾಂಟೀನು ನಕ್ಕಿತು. ನಕ್ಕು ಮುಗಿಯುತ್ತಿದ್ದಂತೆ ಗೊರಕೆ ಎದ್ದು ನಿಂತು, “ಆ ಮಗಳ ಮುಖ ನೋಡಿ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ತಿದಾನೆ. ಎಂಥ ದೊಡ್ಡ ಮನಸ್ಸು ನೋಡಿ!” ಎಂದ. ಚಪ್ಪಾಳೆ ಬಿತ್ತು. ಪ್ಯಾಕಿಂಗಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಯೂನಿಯನ್ ಸೆಕ್ರೆಟರಿ ಬಂದು ನನ್ನ ಕೈ ಕುಲುಕಿ, ನಿಮ್ಮಂಥವರು ಇನ್ನು ನಾಲ್ಕು ಜನ ಇದ್ದಿದ್ದರೆ ಕಾರ್ಖಾನೆಯೇ ಬೇರೆಯಾಗಿರುತ್ತಿತ್ತು ಎಂದರು. ಅದು ಎಷ್ಟು ನಿಜವೆಂದು ಅವರಿಗೆ ಗೊತ್ತಿರಲಿಲ್ಲ.

“ಅಯ್ಯೋ, ದೊಡ್ಡ ಮನಸ್ಸಲ್ಲ, ನಾನೇ!” ಎಂದು ಕೂಗಿದೆ.

“ವಿನಯ ನೋಡಿ” ಎಂದರು ಹಿಂದಿನ ಸಾಲಿನವರು.

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ನಿಜ ಹೇಳಿ ಹೀಗೆ ದಾರಿ ಕಾಣದೆ ನಿಂತವನು ನಾನೊಬ್ಬನೇ ಇರಬೇಕು. ಪುರಾವೆ ಬೇಕಿತ್ತು. ನನ್ನಲ್ಲಿದ್ದ ಪುರಾವೆ ಒಂದೇ, ನನ್ನ ಬಾಯಿ.

“ನಂಬಲ್ವಾ? ನನ್ನ ಹತ್ರ ಯಾವ ಗುಟ್ಟೂ ನಿಲ್ಲಲ್ಲ, ಈಗ್ಲೇ ತೋರಿಸ್ತೀನಿ. ಮೊನ್ನೆ ಗುರುವಾರ ಪ್ಯಾಕಿಂಗಿನೋರು ನನಗೊಬ್ಬನಿಗೇ ಹೇಳಿದ್ರು, ಆ ಹೊಸ ಡಬ್ಬಗಳ ಒಳಗೆ...”

ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸಿನ ಕೈಯಿಂದ ತಟ್ಟೆ ಜಾರಿ ಬಿತ್ತು.

“ಇಗೋ, ಸೆಕ್ರೆಟರಿಯವರು. ಹೋದ ತಿಂಗಳು ಮೂರು ದಿನ ಜ್ವರ ಅಂತ ರಜಾ ಹಾಕಿ ಎಲ್ಲಿಗೆ ಹೋಗಿದ್ರು ಅಂದ್ರೆ...”

“ಸಾಕು! ನಂಬಿದ್ವಿ! ಇಳೀರಿ!” ಎಂದು ಸೆಕ್ರೆಟರಿ ಕಿರುಚಿದರು. ನಾಲ್ಕೂ ಕಡೆಯಿಂದ “ನಂಬಿದ್ವಿ, ನಂಬಿದ್ವಿ” ಎಂಬ ದನಿ ಎದ್ದಿತು. ಮೂಲೆಯಲ್ಲಿ ಪರ್ಸನಲ್ ಆಫೀಸರು ಮೊಸರು ಸರಿಸಿ, ಜೇಬಿನಿಂದ ಪೆನ್ನು, ಸಣ್ಣ ಪುಸ್ತಕ ತೆಗೆದಿದ್ದರು.

“ಹೇಳಿ ಪಂಡಿತ್ರೇ, ಸುಮ್ನೆ ಒಂದು ಕುತೂಹಲ. ಎಲ್ಲಿಗೆ ಹೋಗಿದ್ರು?” ಎಂದು ಮೃದುವಾಗಿ ಕೇಳಿದರು.

ಆ ಮೃದುವಾದ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಮುಚ್ಚಿ ಬೆಂಚಿನಿಂದ ಇಳಿದೆ.

ಗೊರಕೆ ಇನ್ನೂ ನಿಂತೇ ಇದ್ದ. ಅವನ ತುಟಿ ಅಲುಗಾಡುತ್ತಿತ್ತು. “ಎಡಮಗ್ಗುಲು” ಎಂದ ಮೆಲ್ಲಗೆ. ಆಮೇಲೆ ತಟ್ಟೆ ಎತ್ತಿಕೊಂಡು, ನನ್ನ ಮುಂದೆಯೇ ಹಾದು ಹೋಗಿ ಲೈಟಣ್ಣನ ಮಗಳ ಎದುರು ಕೂತ. ಮೂವತ್ತೈದು ವರ್ಷ ನನ್ನ ಜೊತೆ ಉಂಡವನು ಮತ್ತೆ ನನ್ನ ಬೆಂಚಿಗೆ ಬರಲಿಲ್ಲ.

ಕಾರ್ಡಕ್ಕನ ಅಂಗಡಿಗೂ ಹೋಗಿ ಹೇಳಿದೆ. ಅವರು ಮಿಷನ್ ನಿಲ್ಲಿಸಲಿಲ್ಲ. ಇಡೀ ಕಾಲರು ಹೊಲಿದು, ದಾರ ಕತ್ತರಿಸಿದ ಮೇಲೆ, “ಅಂಗಿ ಹೊಲಿಸೋದಿದ್ರೆ ಬನ್ನಿ. ಮಾತಿಗೆ ಬರ್ಬೇಡಿ” ಎಂದರು. ಲೈಟಣ್ಣನ ಮನೆಯ ವಿಳಾಸ ಮಾತ್ರ ಕೇಳಿ, ಅಳತೆ ಪುಸ್ತಕದಲ್ಲಿ ಬರೆದುಕೊಂಡರು.

ಸಂಚಿಕೆಯ ಮೂವತ್ತೇಳನೇ ಪುಟಕ್ಕೆ ಪರ್ಸನಲ್ ಆಫೀಸರು ಎರಡು ಸಾಲಿನ ತಿದ್ದುಪಡಿ ಚೀಟಿ ಅಂಟಿಸಲು ಒಪ್ಪಿದರು. ಎರಡು ಸಾಲಿನಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲವೆಂದೇ ಇಲ್ಲಿ ಉದ್ದಕ್ಕೆ ಬರೆಯಬೇಕಾಯಿತು. ಚೀಟಿಗಿಂತ ಜನರ ನಾಲಿಗೆಯೇ ಚುರುಕಾಗಿ ಕೆಲಸ ಮಾಡಿತು. ವಾರದೊಳಗೆ ನಮ್ಮ ಕಾರ್ಖಾನೆಯಲ್ಲಿ ಏಣಿ ಎಂದರೆ ಬರೀ ಏಣಿಯಾಯಿತು. ಸುದ್ದಿ ಮುಟ್ಟಿಸುವವನಿಗೆ ಈಗಿನ ಹೆಸರು ‘ಬುಡ’. ಏಣಿಯ ಬುಡದಲ್ಲಿ ನಿಂತವನು ಎಂದು ಅರ್ಥ. “ಮೆತ್ತಗೆ ಮಾತಾಡು, ಬುಡ ಬರ್ತಿದೆ” ಎನ್ನುವುದು ಮೊದಲ ಸಲ ಕಿವಿಗೆ ಬಿದ್ದಾಗ ನಾನು ಹಿಂದಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಪದದ ಹುಟ್ಟನ್ನು ಹುಡುಕಿ ಹೊರಟವರು ಬಹಳ ಜನ ಇರಬಹುದು, ಹುಡುಕಿ ತಾವೇ ಸಿಕ್ಕವರು ಕಡಿಮೆ. ಈ ಹೆಸರು ನನಗೆ ನೋವು ಕೊಡುತ್ತದೆ. ತಪ್ಪು ಎಂದು ಮಾತ್ರ ಅನ್ನಿಸುವುದಿಲ್ಲ, ಕೆಂಪು ಪೆನ್ಸಿಲ್ ತೆಗೆಯುವ ಆಸೆಯೂ ಆಗುವುದಿಲ್ಲ.

ಲೈಟಣ್ಣನ ಮಗಳಿಗೆ ಈಗ ಏಣಿ ಹಿಡಿಯುವವರಿಗೆ ಬರವಿಲ್ಲ. ಮೊದಲ ವಾರ ತೂತು ಕೊರೆಯುವ ವಿಭಾಗದಿಂದ ಮೂವರು ಬಂದು, ಒಂದೊಂದು ಕಾಲಿಗೆ ಒಬ್ಬೊಬ್ಬರು ನಿಂತರು, ಮಿಕ್ಕವನು ಸುಮ್ಮನೆ ಮೇಲೆ ನೋಡುತ್ತಿದ್ದ. ಎರಡು ತಿಂಗಳ ಮೇಲೆ ಅವಳ ಕೆಲಸ ಖಾಯಂ ಆಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನೀಗ ನನ್ನ ಮೇಜಿನಲ್ಲೇ ಉಣ್ಣುತ್ತೇನೆ. ಅವಳು ಏಣಿ ತಂದು ನನ್ನ ಪಕ್ಕದ ಗೋಡೆಯ ಫ್ಯಾನಿನ ಕೆಳಗೆ ಒರಗಿಸಿದಳು. ಸುತ್ತ ನೋಡಿದಳು. ನಾನು ತಲೆ ಬಗ್ಗಿಸಿ ಡಬ್ಬಿ ನೋಡತೊಡಗಿದೆ, ಅವಳಿಗೆ ಮುಜುಗರವಾಗುವುದು ಬೇಡವೆಂದು.

“ಸಾರ್, ಬನ್ನಿ. ಹಿಡ್ಕೊಳಿ” ಎಂದಳು.

“ನಾನಾ? ಯಾರಾದ್ರೂ ಬರ್ಲಿ ತಡಿಯಮ್ಮಾ.”

“ಫ್ಯಾನು ಕಾಯಲ್ಲ ಸಾರ್.”

ಎದ್ದು ಕೈ ತೊಳೆದು ಬಂದು ಹಿಡಿದೆ. ಅವಳು ಹತ್ತಿದಳು. ಮೇಲಿನಿಂದ ಒಂದೊಂದಾಗಿ ಸ್ಕ್ರೂ ಬಿಚ್ಚುವ ಸದ್ದು ಬರುತ್ತಿತ್ತು. ನಾನು ಏನೂ ಮಾತಾಡಲಿಲ್ಲ. ಐದು ನಿಮಿಷವಾಗಿರಬಹುದು.

“ಸಾರ್, ನಿಮಗೊಂದು ಮಾತು ಹೇಳ್ಲಾ? ಇನ್ನೂ ಯಾರಿಗೂ ಹೇಳಿಲ್ಲ. ಅಪ್ಪನಿಗೂ.”

“ಬೇಡಮ್ಮಾ! ದಮ್ಮಯ್ಯ ಅಂತೀನಿ. ನನಗೆ ಮಾತ್ರ ಹೇಳ್ಬೇಡ. ನನ್ನ ವಿಷಯ ನಿನಗೆ ಗೊತ್ತಲ್ಲ!”

“ಗೊತ್ತು ಸಾರ್. ಅದಕ್ಕೇ” ಎಂದಳು.

ಎರಡೂ ಕೈ ಏಣಿಯ ಮೇಲಿದ್ದವು, ಕಿವಿ ಮುಚ್ಚಿಕೊಳ್ಳುವ ಹಾಗಿರಲಿಲ್ಲ. ಅವಳು ಹೇಳಿದಳು. ಒಂದೇ ವಾಕ್ಯ. ಕೇಳಿ ನಾನು ಮೇಲೆ ನೋಡಿದೆ. ಅವಳು ಕೆಳಗೆ ನೋಡಿ ನಕ್ಕು ಮತ್ತೆ ಫ್ಯಾನಿನ ಕಡೆ ತಿರುಗಿದಳು.

ಇದು ನಡೆದು ಐದು ವಾರವಾಯಿತು. ಏನೋ ಇದೆ ಎಂದು ಹೆಂಡತಿಗೆ ಆವತ್ತೇ ವಾಸನೆ ಬಡಿಯಿತು. ಅವಳು ಪ್ರೀತಿಯಿಂದ ಕೇಳಿದಳು, ಕೋಪದಿಂದ ಕೇಳಿದಳು, ಅವಳ ಅಣ್ಣನ ಕೈಲೂ ಕೇಳಿಸಿದಳು. ಈಗ ನೀವೂ ಇಷ್ಟು ದೂರ ಓದಿಕೊಂಡು ಬಂದಿದ್ದೀರಿ, ನನಗೆ ಅರ್ಥವಾಗುತ್ತದೆ. ದಯವಿಟ್ಟು ಕೇಳಬೇಡಿ.